ಸಕ್ಕರೆಯಿಲ್ಲದ ಮನೆ

ನಡುರಾತ್ರಿ ಅಪ್ಪನ ಕೈ ಮುಟ್ಟಿದ ನಳಿನಿ ಬೆಚ್ಚಿಬಿದ್ದಳು. ಮೈಯೆಲ್ಲ ತಣ್ಣನೆ ಬೆವರು, ಮಾತು ತೊದಲು. ಶುಗರ್ ಮೀಟರಿನಲ್ಲಿ ನಲವತ್ತೆಂಟು. ಕೂಡಲೇ ಸಿಹಿ ಕೊಡಬೇಕಿತ್ತು. ಆದರೆ ಅವರಿಗೆ ಸಕ್ಕರೆ ಕಾಯಿಲೆಯೆಂದು ಗೊತ್ತಾದ ದಿನವೇ ಅಮ್ಮ ಸಕ್ಕರೆ, ಬೆಲ್ಲ ಎಲ್ಲವನ್ನೂ ಮನೆಯಿಂದಾಚೆ ಹಾಕಿದ್ದಳು. ದೇವರ ನೈವೇದ್ಯಕ್ಕೂ ಬರೀ ಹುರಿಗಡಲೆ. ಈಗ ಅವಳೇ ಗರಬಡಿದವಳಂತೆ ನಿಂತಿದ್ದಳು.

"ಅಪ್ಪಾ, ಕದ್ದು ತಿನ್ನೋಕೆ ಏನಾದ್ರೂ ಬಚ್ಚಿಟ್ಟಿದ್ರೆ ಹೇಳಿ. ಅಮ್ಮ ಬೈಯಲ್ಲ."

"ಇಲ್ಲ ಕಣಮ್ಮಾ... ನಿಮ್ಮಮ್ಮನ ಮೇಲೆ ಆಣೆ ಮಾಡಿದ್ನಲ್ಲ... ಅವತ್ತಿಂದ ಮುಟ್ಟಿಲ್ಲ."

ಅಪ್ಪನ ಕಣ್ಣು ಮುಚ್ಚಿಕೊಂಡು ಬರುತ್ತಿತ್ತು.

"ಪಕ್ಕದ ಮನೆ ಬಾಗಿಲು ಬಡಿತೀನಿ," ಎಂದು ನಳಿನಿ ಅಳುತ್ತ ಎದ್ದಳು.

"ನಿಲ್ಲೇ!" ಎಂದ ಅಮ್ಮ ಬೀರು ತೆರೆದು, ತನ್ನ ಸೀರೆಗಳ ಅಡಿಯಿಂದ ಅರ್ಧ ಖಾಲಿಯಾಗಿದ್ದ ಜಿಲೇಬಿ ಡಬ್ಬಿ ಹೊರತೆಗೆದಳು.