ನೆರಳಿನ ಪಾಲು

ಅಲಸಂದೆ ಬಳ್ಳಿಗಳ ನಡುವೆ ಕೈಯಿಟ್ಟ ದುರ್ಗಿಗೆ ಎಲೆ ಬಿಟ್ಟು ಬೇರೇನೂ ಸಿಗಲಿಲ್ಲ. ಇನ್ನೊಂದು ಗಿಡ ಎತ್ತಿ ನೋಡಿದಳು. ಅಲ್ಲೂ ಕಾಯಿಲ್ಲ. ಅವಳ ಪಾಲಿನ ಬೆಳೆ ಸೊಂಟದವರೆಗೆ ಬೆಳೆದು, ಕಡು ಹಸುರಿನ ಅಗಲ ಎಲೆ ಬಿಟ್ಟು, ನಿಲ್ಲಲಾರದೆ ವಾಲಿತ್ತು. ಬದುವಿನ ಆಚೆ ತಮ್ಮ ಜಗದೀಶನದು ಮೊಣಕಾಲೆತ್ತರವೂ ಇಲ್ಲ. ಎಲೆ ಹಳದಿ, ಆದರೆ ಗಿಡದ ತುಂಬ ಕಾಯಿ ಜೋತಿತ್ತು.

"ಅವ್ವನ ಗದ್ದೆಲಿ ಹಸುರಾಗಿದ್ದ ಬದಿ ನಿಂಗೇ ಇರ್ಲಿ ಅಕ್ಕ," ಎಂದು ಪಾಲು ಮಾಡಿದ ದಿನ ಅವನು ಫೋನಿನಲ್ಲಿ ಹೇಳಿದಾಗ ತದಡಿಯ ಮೀನುಪೇಟೆಯಲ್ಲೇ ಅವಳು ಕಣ್ಣೊರೆಸಿಕೊಂಡಿದ್ದಳು. ಇವತ್ತು ಅವನಿಗೆಂದು ಆರಿಸಿ ತಂದ ಒಣ ಸೀಗಡಿಯ ಕಟ್ಟು ಇನ್ನೂ ಕಂಕುಳಲ್ಲಿತ್ತು.

ದುರ್ಗಿ ತಲೆಯೆತ್ತಿದಳು. ಮಾಗಿಯ ನಡುಮಧ್ಯಾಹ್ನದಲ್ಲೂ ತೆಂಕಣ ಬೇಲಿಯ ಎತ್ತರದ ಗಾಳಿಮರಗಳ ನೆರಳು ಅವಳ ಪಾಲನ್ನೆಲ್ಲ ಮುಚ್ಚಿತ್ತು. ಆ ನೆರಳು ಹೊಸ ಬದುವಿನ ಬುಡಕ್ಕೆ ಬಂದು ಗೆರೆ ಎಳೆದಂತೆ ನಿಂತಿತ್ತು. ಬಿಸಿಲೆಲ್ಲ ಆಚೆಗಿತ್ತು, ಬಿಸಿಲಿಗೆ ಕಟ್ಟುವ ಕಾಯಿಯೂ.

"ಎಂತ ಅಕ್ಕ, ಖುಷಿ ಆತಾ?" ಬದುವಿನ ಮೇಲೆ ನಿಂತು ಜಗದೀಶ ಕೇಳಿದ.

ಅವಳು ಸೀಗಡಿಯ ಕಟ್ಟನ್ನು ಸೆರಗಿನೊಳಗೆ ಸರಿಸಿಕೊಂಡಳು.

"ಬದು ಹಾಕೂಕೆ ನೆರಳು ಬೀಳೂ ತನಕ ಕಾದಿದ್ಯಾ ತಮ್ಮಾ?"