ಒಗೆಯದ ಬಟ್ಟೆ

ನಾಯಿ ತನ್ನನ್ನು ಒಯ್ಯಲು ಬಂದಿದ್ದ ಗಂಡಹೆಂಡತಿ ಇಬ್ಬರನ್ನೂ ಮೂಸಿ, ಅವರ ನಡುವೆ ನುಗ್ಗಿಕೊಂಡು ಗೇಟಿಗೆ ಓಡಿತು. ನಲವತ್ತು ಕೆಜಿಯ ದೇಹ ಗುದ್ದಿದ ರಭಸಕ್ಕೆ ಗೇಟು ಅಲುಗಾಡಿತು.

"ಡೋಲು, ಬಾರೋ ಇಲ್ಲಿ!" ವಾರಿಜಾ ಕೂಗಿದರು. ಬೀದಿಯಲ್ಲಿ ಗಾಯಗೊಂಡು ಸಿಕ್ಕ ಅದನ್ನು, ಒಳ್ಳೆಯ ಮನೆ ಸಿಗುವವರೆಗೆಂದು ಸಾಕುತ್ತಿದ್ದವರು ಅವರೇ. "ಇವನು ಮನೆಗೆ ಬಂದ್ಮೇಲೆ ನಿಮ್ಮ ಸೋಫಾದ ಆಸೆ ಬಿಟ್ಬಿಡಿ ಸಾರ್. ಆದ್ರೆ ನಿಮ್ಮಿಬ್ಬರ ಗುರುತು ಹಿಡಿದ ನೋಡಿ."

ವಾರಿಜಾರದ್ದೊಂದು ಕ್ರಮವಿತ್ತು. ನಾಯಿಯನ್ನು ಒಯ್ಯುವವರು ಒಂದು ವಾರ ಮೊದಲೇ ಮನೆಯ ಪ್ರತಿಯೊಬ್ಬರೂ ತೊಟ್ಟು ಬಿಟ್ಟ, ಒಗೆಯದ ಬಟ್ಟೆಯೊಂದನ್ನು ಕಳಿಸಬೇಕು. ನಾಯಿ ಅದರ ಮೇಲೆ ಮಲಗಿ ವಾಸನೆ ಕಲಿಯುತ್ತದೆ.

"ಮತ್ತೆ ಗೇಟ್ ಹತ್ರ ಏನು ಹುಡುಕ್ತಿದಾನೆ?" ಗಂಡ ಕೇಳಿದ.

"ಮೂರನೆಯವರನ್ನ. ಆ ನೀಲಿ ಟೀ ಶರ್ಟ್ ಅಂದ್ರೆ ಪ್ರಾಣ ಇವನಿಗೆ, ಬಾಯಲ್ಲಿ ಕಚ್ಕೊಂಡೇ ಓಡಾಡ್ತಾನೆ. ಮಗಂದಾ? ಕಾರಲ್ಲೇ ಕೂತಿದಾನಾ?"

ಗಂಡ ನಿಧಾನವಾಗಿ ಹೆಂಡತಿಯ ಕಡೆ ತಿರುಗಿದ. "ಅದನ್ನ ಯಾಕೆ ಕಳಿಸಿದ್ಯೇ?"

"ಮನೆಯವರೆಲ್ಲರದೂ ಬೇಕು ಅಂದಿದ್ರಲ್ಲ ರೀ."

ನಾಯಿ ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ಕುಂಯ್‌ಗುಟ್ಟತೊಡಗಿತು. ವಾರಿಜಾ ಅದರ ಕೊರಳಿಗೆ ಬೆಲ್ಟ್ ಹಾಕಿ, ಹಗ್ಗದ ತುದಿಯನ್ನು ಹೆಂಡತಿಯ ಮುಂದೆ ಚಾಚಿದರು.

"ಹಿಡ್ಕೊಳಿ ಮೇಡಂ. ಮನೆಗೆ ಹೋಗಿ ಮಗನ್ನ ನೋಡಿದ್ರೆ ತಾನೇ ಸುಮ್ಮನಾಗ್ತಾನೆ."

ಅವಳು ಕೈ ಚಾಚಲಿಲ್ಲ.

"ಬೇಡ. ಮಗ ತೀರ್ಕೊಂಡು ನಾಲ್ಕು ತಿಂಗಳಾಯ್ತು. ಬಾಗಿಲು ನೋಡ್ತಾ ಕೂರೋಕೆ ಆ ಮನೇಲಿ ನಾನೊಬ್ಬಳೇ ಸಾಕು."