ನೀರು ಮುಟ್ಟದ ಜಾಗ

ನಕ್ಷೆಯ ಮೇಲೆ ಓಡುತ್ತಿದ್ದ ಸರ್ವೆ ಮೇಡಂ ಬೆರಳು ಒಂದು ಬಿಳಿ ಚೌಕದ ಮೇಲೆ ನಿಂತಿತು. “ಉಪಗ್ರಹದ ಚಿತ್ರದಲ್ಲಿ ನೋಡಿ. ನಾಳೆ ಸಂಜೆ ಸಮುದ್ರ ಉಕ್ಕಿದ್ರೆ ಇಡೀ ದ್ವೀಪದಲ್ಲಿ ನೀರು ಮುಟ್ಟದ ಜಾಗ ಇದೊಂದೇ. ಖಾಲಿ ಬಿದ್ದಿದೆ. ಜನರಿಗೆ ಇಲ್ಲೇ ಗುಡಾರ ಹಾಕಿಬಿಡೋಣ.”

ಪಂಚಾಯಿತಿ ಕಚೇರಿಯಲ್ಲಿದ್ದ ಎಲ್ಲರ ಕಣ್ಣೂ ಬಾಗಿಲ ಬಳಿ ನಿಂತಿದ್ದ ಅಜ್ಜನ ಕಡೆ ಹೊರಳಿದವು. ಊರಿನ ಹೆಣಗಳಿಗೆಲ್ಲ ಗುಂಡಿ ತೋಡುವವನು ಅವನೇ.

“ಅದು ಖಾಲಿ ಅಲ್ಲ ಮೇಡಂ, ಸ್ಮಶಾನ,” ಎಂದ ಅಧ್ಯಕ್ಷ, ಮೆಲ್ಲಗೆ. “ಸಮಾಧಿಗೆ ನಾವು ಕಲ್ಲಿಡಲ್ಲ. ಮೇಲಿಂದ ನೋಡಿದ್ರೆ ಬರೀ ಮರಳು ಕಾಣುತ್ತೆ. ಅಜ್ಜ ತನ್ನ ಮೊಮ್ಮಗಳನ್ನ ಅಲ್ಲಿ ಮಣ್ಣು ಮಾಡಿ ಇನ್ನೂ ತಿಂಗಳಾಗಿಲ್ಲ.”

ಮೇಡಂ ಮುಖ ಕಪ್ಪಿಟ್ಟಿತು. ಬೆರಳನ್ನು ಹಿಂದಕ್ಕೆಳೆದುಕೊಂಡರು.

ಅಜ್ಜ ನಕ್ಷೆಯ ಹತ್ತಿರ ಬಂದ. ಅದೇ ಚೌಕದ ಒಂದು ಮೂಲೆಯನ್ನು ಹುಡುಕಿ, ಉಗುರಲ್ಲಿ ಮಣ್ಣು ಕೂತ ಬೆರಳಿಟ್ಟ.

“ಗುಡಾರ ಹಾಕಿ ತಾಯಿ. ಗೂಟ ಎಲ್ಲೆಲ್ಲಿ ಹೊಡೀಬಾರದು ಅಂತ ನಾನೇ ತೋರಿಸ್ತೀನಿ.” ಬೆರಳು ಅಲ್ಲಿಂದ ಕದಲಲಿಲ್ಲ. “ಶಾಲೆ ಮಕ್ಕಳನ್ನ ಮಾತ್ರ ಈ ಮೂಲೇಲಿ ಮಲಗಿಸಿ. ನಮ್ಮ ಕೂಸಿಗೆ ಒಂಟಿಯಾಗಿ ಮಲಗಿ ಅಭ್ಯಾಸ ಇಲ್ಲ.”